ಅದು ಗುಂಪಿನಲ್ಲಿ ಗೋವಿಂದ ಅಲ್ಲ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ವಾದ್ಯವೃಂದಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ವೃಂದದ ನಿರ್ದೇಶಕರ ಬಗ್ಗೆ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಪಿಟೀಲು ಸಾಲಿನಲ್ಲಿ ಕೂತವರದು ‘ಗುಂಪಿನಲ್ಲಿ ಗೋವಿಂದ’ ಎಂದದ್ದು ಸರಿಯಲ್ಲ.

ದೊಡ್ಡ ವೃಂದದಲ್ಲಿ ಸಾಮಾನ್ಯವಾಗಿ ಮೊದಲ ಪಿಟೀಲು 16, ಎರಡನೇ ಪಿಟೀಲು 14, ಪಿಟೀಲಿಗಿಂತ ತಗ್ಗು ದನಿಯ ವಯೋಲಾ 12, ಇನ್ನೂ ತಗ್ಗಿನ ಚೆಲ್ಲೊ 10, ಎಲ್ಲಕ್ಕಿಂತ ತಗ್ಗಿನ ಡಬಲ್ ಬಾಸ್ 8. ಒಟ್ಟು 60 ಜನ. ಕೊನೆಯ ಸಾಲಿನವರು ಮುಂದಿನವರಿಂದ ಹತ್ತು ಮೀಟರ್ ದೂರ ಇದ್ದಾರೆ ಎಂದುಕೊಳ್ಳಿ. ಅಷ್ಟು ದೂರ ಬರಲು ನಾದಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು. ಕೇಳಿಸಿಕೊಂಡು ನುಡಿಸಿದರೆ ಅಷ್ಟು ತಡ. ಅವರ ನಾದ ಮತ್ತೆ ಮುಂದಿನ ಸಾಲು ದಾಟಿ ಸಭೆಗೆ ಬರುವಷ್ಟರಲ್ಲಿ ಆ ತಡ ಎರಡರಷ್ಟು. ವೇಗದ ನಡೆಯಲ್ಲಿ ಇಷ್ಟು ಸಾಕು, ಇಡೀ ಸಾಲು ಕಲಸಿಹೋಗುತ್ತದೆ. ಹಾಗಾಗಿ ಹಿಂದೆ ಕೂತವರು ಕಿವಿಗಿಂತ ಕಣ್ಣನ್ನು ನಂಬಬೇಕು: ಮುಂದಿನ ಮುಖ್ಯ ವಾದಕರ ಕಮಾನು ತಂತಿ ಮುಟ್ಟುವ ಗಳಿಗೆಯಲ್ಲೇ ಇವರ ಕಮಾನೂ ಮುಟ್ಟಬೇಕು. ನಮ್ಮ ಕಛೇರಿಯ ಪಕ್ಕವಾದ್ಯಕ್ಕೆ ಇದು ತದ್ವಿರುದ್ಧ. ಅಲ್ಲಿ ಗಾಯಕರ ಉಸಿರನ್ನು ಹಿಡಿದು ಕೂದಲೆಳೆಯಷ್ಟು ಹಿಂದೆ ನಡೆಯುವುದೇ ಸೊಗಸು. ಕರ್ನಾಟಕ ಪಿಟೀಲು ಕಲಿತ ಮಕ್ಕಳು ವೃಂದಕ್ಕೆ ಸೇರಿದಾಗ ಮೊದಲು ಎಡವುವುದು ಇಲ್ಲೇ. ಬೆರಳಿನಲ್ಲಿ ದೋಷವಿಲ್ಲ, ಅಭ್ಯಾಸ ಬೇರೆ.

ಇಬ್ಬರಿಗೆ ಒಂದು ಸ್ಟ್ಯಾಂಡ್. ಹಾಳೆ ಮಗುಚುವ ಕೆಲಸ ಒಳಬದಿಯವರದು. ಸಭೆಯ ಕಡೆ ಕೂತವರು ನಿಲ್ಲಿಸದೆ ನುಡಿಸಬೇಕು. ಒಂದೇ ಕಡೆ ಎರಡು ಸ್ವರ ಬರೆದಿದ್ದರೆ ಮೇಲಿನದು ಹೊರಬದಿಯವರಿಗೆ, ಕೆಳಗಿನದು ಒಳಬದಿಯವರಿಗೆ. ಕಮಾನು ಎಲ್ಲಿ ಎಳೆಯಬೇಕು, ಎಲ್ಲಿ ತಳ್ಳಬೇಕು ಎಂಬ ಗುರುತು ಮುಖ್ಯ ವಾದಕರದು. ಅದನ್ನು ಮೆತ್ತನೆಯ ಪೆನ್ಸಿಲಿನಲ್ಲೇ ಹಾಕಬೇಕು. ಬಾಡಿಗೆಗೆ ತಂದ ಹಾಳೆಗಳನ್ನು ಅಳಿಸಿ ವಾಪಸು ಕೊಡಬೇಕಲ್ಲ.

ಇನ್ನು ಸಾಲಿನಲ್ಲಿ ಕೂತವರ ಅಭಿರುಚಿ. ಅದು ಕೂತ ಜಾಗದಿಂದಲೂ, ತೋಳಿನ ನೋವಿನಿಂದಲೂ ರೂಪುಗೊಳ್ಳುತ್ತದೆ. ಸಂಯೋಜಕ ಬ್ರೂಕ್ನರ್‌ನ ಸಿಂಫನಿಗಳನ್ನು (ಇಡೀ ವೃಂದಕ್ಕೆ ಬರೆದ ದೀರ್ಘ ಕೃತಿಗಳನ್ನು) ಕೇಳುವವರು ಮೈಮರೆಯುತ್ತಾರೆ. ಪಿಟೀಲಿನವರಿಗೆ ಮಾತ್ರ ಪುಟಗಟ್ಟಲೆ ಕಮಾನಿನ ತುದಿಯಲ್ಲಿ ನಡುಗಿಸುವ ಕೆಲಸ. ಮೊಣಕೈಯಿಂದ ನಡುಗಿಸಿದರೆ ಎರಡೇ ನಿಮಿಷಕ್ಕೆ ತೋಳು ಕಲ್ಲಾಗುತ್ತದೆ. ಹೆಬ್ಬೆರಳು ಸಡಿಲಬಿಟ್ಟು ಮಣಿಕಟ್ಟಿನಿಂದ ಮಾಡಬೇಕು. ಹೋಲ್ಸ್ಟ್ ಬರೆದ ‘ಮಾರ್ಸ್’ನಲ್ಲಿ ಕಮಾನಿನ ಕಡ್ಡಿಯಿಂದಲೇ ತಂತಿಗೆ ಬಡಿಯಬೇಕು. ಒಳ್ಳೆಯ ಕಮಾನಿನ ಮೆರುಗು ಕಿತ್ತುಹೋಗುತ್ತದೆಂದು ಅದಕ್ಕಾಗಿ ಇನ್ನೊಂದು ಅಗ್ಗದ ಕಮಾನು ತರುವವರಿದ್ದಾರೆ. ಸಂಯೋಜಕ ಡ್ವೋರ್ಜಾಕ್‌ನ ಹೆಸರು ಕೇಳಿದರೆ ಮಾತ್ರ ವಯೋಲಾದವರ ಮುಖ ಅರಳುತ್ತದೆ. ಆತ 1871ರವರೆಗೆ ಪ್ರಾಗ್‌ನ ರಂಗಮಂದಿರದ ವೃಂದದಲ್ಲಿ ವಯೋಲಾ ನುಡಿಸಿದವನು. ನಡುವಿನ ದನಿಗೂ ಹಾಡಲು ಏನಾದರೂ ಬೇಕು ಎಂಬುದು ಅವನಿಗೆ ಕೂತು ತಿಳಿದದ್ದು. ಬ್ರಾಹ್ಮ್ಸ್‌ನ 2ನೇ ಸಿಂಫನಿಯ ಎರಡನೇ ಭಾಗವನ್ನು ಚೆಲ್ಲೊದವರು ತಮ್ಮದೇ ಎನ್ನುತ್ತಾರೆ. ಅದರ ಮೊದಲ ರಾಗದ ಎಳೆ ಅವರ ಕೈಯಲ್ಲಿದೆ.

ಸಾಲಿನೊಳಗೆ ಸೇರುವುದೂ ಸುಲಭವಲ್ಲ. ಅನೇಕ ಕಡೆ ಮೊದಲ ಸುತ್ತಿನ ಪರೀಕ್ಷೆ ಪರದೆಯ ಹಿಂದೆ ನಡೆಯುತ್ತದೆ. ರಿಚರ್ಡ್ ಸ್ಟ್ರೌಸ್‌ನ ‘ಡಾನ್ ಹುವಾನ್’ ಎಂಬ ವೃಂದಕೃತಿಯ ಮೊದಲ ಪುಟವನ್ನು ನುಡಿಸಿ ಎಂದು ಬಹುಪಾಲು ಎಲ್ಲ ಪರೀಕ್ಷಕರೂ ಕೇಳುತ್ತಾರೆ. ವಿಯೆನ್ನಾ ಫಿಲ್‌ಹಾರ್ಮೊನಿಕ್‌ಗೆ ಸದಸ್ಯರಾಗಲು ಅರ್ಜಿ ಹಾಕಬೇಕಾದರೆ ಅದಕ್ಕೂ ಮುಂಚೆ ಅಲ್ಲಿನ ಆಪೆರಾ ವೃಂದದಲ್ಲಿ ಮೂರು ವರ್ಷ ನುಡಿಸಿರಬೇಕು. ಕಿವಿಯ ಕಷ್ಟ ಬೇರೆ: ಪಿಟೀಲು ಎಡಗಿವಿಯ ಕೆಳಗೇ ಇರುವುದರಿಂದ ಅದಕ್ಕೇ ಹೆಚ್ಚು ಪೆಟ್ಟು.

ಇದೆಲ್ಲ ನಮಗೇಕೆ ಎನ್ನುವ ಹಾಗಿಲ್ಲ. ಅದೇ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಮೈಸೂರಿನ ಜಯಚಾಮರಾಜ ಒಡೆಯರು ಹಣದ ಹೊಣೆ ಹೊತ್ತಿದ್ದರಿಂದ. ಅವುಗಳಲ್ಲಿ ನಿದ್ರೆಗೆ ಜಾರುವ ಹಾಡಿನ ನಡುವೆ ದನಿ ಸುಮ್ಮನಾಗಿ ಒಂಟಿ ಪಿಟೀಲು ಏಳುತ್ತದೆ. ನುಡಿಸುವವರು ಸಾಲಿನ ಮೊದಲ ಕುರ್ಚಿಯವರು. ಉಳಿದವರು ಅವರ ಕೆಳಗೆ ಉಸಿರು ಬಿಗಿಹಿಡಿದಷ್ಟು ಮೆಲ್ಲಗೆ ನುಡಿಸದಿದ್ದರೆ ಆ ಪಿಟೀಲು ಕೇಳಿಸುವುದೇ ಇಲ್ಲ.

ಸಾಲಿನವರ ಪಾಲು ಎಷ್ಟು ಎಂಬುದಕ್ಕೆ ಚೈಕೋವ್‌ಸ್ಕಿಯ 6ನೇ ಸಿಂಫನಿಯ (1893) ಕೊನೆಯ ಭಾಗ ಕೇಳಿ. ಶುರುವಿನಲ್ಲೇ ಇಳಿಯುತ್ತ ಬರುವ ದುಃಖದ ಎಳೆಯೊಂದಿದೆ. ಅದನ್ನು ಯಾರೂ ಪೂರ್ತಿಯಾಗಿ ನುಡಿಸುವುದಿಲ್ಲ! ಒಂದು ಸ್ವರ ಮೊದಲ ಪಿಟೀಲಿನದು, ಮುಂದಿನದು ಎರಡನೇ ಪಿಟೀಲಿನದು. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡಿದರೆ ಕುಂಟುತ್ತ ಹಾರುವ ಸ್ವರಗಳಷ್ಟೇ ಸಿಗುತ್ತವೆ. ರಾಗ ಹುಟ್ಟುವುದು ಕೇಳುವವರ ಕಿವಿಯಲ್ಲಿ. ಎರಡು ಗುಂಪುಗಳನ್ನು ಹಳೆಯ ಪದ್ಧತಿಯಂತೆ ನಿರ್ದೇಶಕರ ಎಡಬಲಕ್ಕೆ ಎದುರುಬದುರು ಕೂರಿಸಿದರೆ ಸ್ವರಗಳು ವೇದಿಕೆಯ ಈ ಬದಿಯಿಂದ ಆ ಬದಿಗೆ ಜಿಗಿಯುತ್ತವೆ. ಒಂದೇ ಕಡೆ ಕೂರಿಸಿದರೆ ಆ ಜಿಗಿತ ತಿಳಿಯದೆ ಹೋಗುತ್ತದೆ.

ಮುಂದಿನ ಸಲ ನಿಮ್ಮ ವಿಮರ್ಶಕರು ವೃಂದದ ಕಛೇರಿಯ ಬಗ್ಗೆ ಬರೆಯುವಾಗ ಎರಡನೇ ಪಿಟೀಲಿನವರು ಎಡಕ್ಕೆ ಕೂತಿದ್ದರೋ ಬಲಕ್ಕೆ ಕೂತಿದ್ದರೋ ಎಂಬುದನ್ನಾದರೂ ದಯವಿಟ್ಟು ತಿಳಿಸಲಿ.

– ಪಿಟೀಲು ಶಿಕ್ಷಕ, ಮೈಸೂರು