ಮಗಳಿಗೊಂದು ಪತ್ರ: ಮೋಟಾರ್ ಆಮೇಲೆ, ಮೊದಲು ಬಟ್ಟೆ

ಬಳ್ಳಾರಿ

ಮುದ್ದು ಮಗಳೇ,

ನಿನ್ನ ತಮ್ಮನ ಆಟದ ಹೋವರ್‌ಕ್ರಾಫ್ಟ್‌ಗೆ, ಅದೇ ಕೆಳಗೆ ಗಾಳಿ ತುಂಬಿಕೊಂಡು ನೆಲದಿಂದ ತುಸು ಮೇಲೆ ತೇಲುವ ಗಾಡಿಗೆ, ದೊಡ್ಡ ಮೋಟಾರ್ ಬೇಕು, ದುಡ್ಡು ಕಳಿಸು ಅಂದೆಯಲ್ಲ. ಸದ್ಯಕ್ಕೆ ಕಳಿಸಲ್ಲ. ಇರುವ ಮೋಟಾರೇ ಸಾಕು, ತಳದ ಸುತ್ತ ಬಟ್ಟೆಯ ಬದಲು ಹಾಕಿದ ಪ್ಲಾಸ್ಟಿಕ್ ಹಾಳೆ ಸರಿಯಿಲ್ಲ. ಇಷ್ಟು ವರ್ಷ ಜೀನ್ಸ್ ಹೊಲಿದವಳಿಗೆ ಅಷ್ಟು ಗೊತ್ತಾಗಲ್ವಾ?

ನಿನ್ನ ತಮ್ಮ ಪಡಸಾಲೆಯಲ್ಲಿ ಅದನ್ನು ಓಡಿಸುವಾಗ ಸುತ್ತ ಕೈ ಹಿಡಿದು ನೋಡಿದೆ. ಗಾಳಿ ಕೆಳಗಿನ ಅಂಚಿನಿಂದ ಒಂದೇ ಸಮ ಬರಬೇಕು ತಾನೇ? ನಾಲ್ಕೂ ಮೂಲೆಯಲ್ಲಿ ಬುಸ್ಸೆಂದು ಸೋರುತ್ತಿತ್ತು. ಲೆಕ್ಕ ಹಾಕು. ತಳ 60 ಸೆಂ.ಮೀ. ಉದ್ದ, 40 ಅಗಲ. ತೂಕ ಬ್ಯಾಟರಿ ಸೇರಿ 900 ಗ್ರಾಂ. ಒಂದು ಚದರ ಸೆಂಟಿಮೀಟರಿಗೆ ಅರ್ಧ ಗ್ರಾಂ ಭಾರವೂ ಬೀಳುವುದಿಲ್ಲ. ಇದಕ್ಕೆ ದೊಡ್ಡ ಮೋಟಾರ್ ಯಾಕೆ?

ಪ್ಲಾಸ್ಟಿಕ್ ಹಾಳೆ ಕಿತ್ತು ಛತ್ರಿ ಬಟ್ಟೆಯ ಸ್ಕರ್ಟ್, ಅಂದರೆ ಗಾಳಿಯನ್ನು ತಳದಲ್ಲಿ ಹಿಡಿದಿಡುವ ಸುತ್ತಿನ ಲಂಗ, ಹೊಲಿದಿದ್ದೇನೆ. ಜೀನ್ಸ್ ಬಟ್ಟೆಯನ್ನೇ ಹಾಕು ಅಂತ ನಿನ್ನ ತಮ್ಮ ಗಂಟುಬಿದ್ದ. ಅದು ಭಾರ, ಸಾಲದ್ದಕ್ಕೆ ಗಾಳಿ ತಡೆಯುವುದಿಲ್ಲ. ಮೆಷಿನ್ನಿನಿಂದ 18 ನಂಬರ್ ಸೂಜಿ ತೆಗೆದು 11 ಹಾಕಿದೆ. ಸೂಜಿ ದಪ್ಪ ಇದ್ದರೆ ಹೊಲಿಗೆಯ ಒಂದೊಂದು ತೂತೂ ದೊಡ್ಡದು, ಅಷ್ಟೂ ಕಡೆ ಗಾಳಿ ಪೋಲು. ಹೊಲಿಗೆಯ ಮೇಲೆ ಪಂಕ್ಚರ್ ಅಂಗಡಿಯ ಸಲ್ಯೂಷನ್ ಬಳಿದು ಪೂರ್ತಿ ಒಣಗಿಸಿದೆ. ಅದು ಗಾಡಿಯ ಥರ್ಮಾಕೋಲ್‌ಗೆ ತಾಗಿದರೆ ಕರಗಿಸಿಬಿಡುತ್ತೆ, ಅಲ್ಲಿಗೆ ಫೆವಿಕಾಲೇ ಸರಿ. ಮೂಲೆಗಳನ್ನು ದುಂಡಗೆ ಕೊಯ್ದು, ಬಟ್ಟೆಗೆ ಸಣ್ಣ ಸಣ್ಣ ನೆರಿಗೆ ಕೊಟ್ಟೆ.

ಹೋವರ್‌ಕ್ರಾಫ್ಟ್ ಕಂಡುಹಿಡಿದ ಇಂಗ್ಲೆಂಡಿನ ಕಾಕರೆಲ್ ಕಥೆ ನೀನೇ ಹೇಳಿದ್ದೆ. 1955ರಲ್ಲಿ ಕಾಫಿ ಡಬ್ಬಿಯೊಳಗೆ ಬೆಕ್ಕಿನ ಆಹಾರದ ಡಬ್ಬಿ ಇಟ್ಟು, ನಡುವಿನ ಸಂದಿಯಲ್ಲಿ ಗಾಳಿ ಬಿಟ್ಟು, ತಕ್ಕಡಿಯಲ್ಲಿ ಅದರ ಒತ್ತಡ ನೋಡಿದನಂತೆ. 1959ರಲ್ಲಿ ಅವನ ದೊಡ್ಡ ಗಾಡಿ ಇಂಗ್ಲಿಷ್ ಕಡಲ್ಗಾಲುವೆ ದಾಟಿತು. ಆಗ ಅದಕ್ಕೆ ಸ್ಕರ್ಟೇ ಇರಲಿಲ್ಲ. ದೊಡ್ಡ ಅಲೆ, ಅಡೆತಡೆ ದಾಟುವ ತಾಕತ್ತು ಬಂದಿದ್ದು ಸ್ಕರ್ಟ್ ಹಾಕಿದ ಮೇಲೆ. ಇಂಜಿನಿಯರಿಂಗ್ ಓದುವವಳು ಇದನ್ನು ಮರೆತರೆ ಹೇಗೆ?

ಇನ್ನೊಂದು. ಜೋರಾಗಿ ಓಡಿಸಿದರೆ ಮೂತಿ ನೆಲಕ್ಕೆ ಉಜ್ಜುತ್ತೆ ಅಂದಿದ್ದೆ. ಹಿಂದಿನ ಫ್ಯಾನ್ ಎತ್ತರದಲ್ಲಿದೆ, ತಳ್ಳಿದಾಗ ಮುಂಭಾಗ ತಗ್ಗುತ್ತೆ. ತಮ್ಮ ಬ್ಯಾಟರಿಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿದ, ಈಗ ಪರವಾಗಿಲ್ಲ. ಓಡಿಸಿ ಆದಮೇಲೆ ಬ್ಯಾಟರಿ ತಗಡಿನ ಡಬ್ಬಿಗೆ ಹೋಗುತ್ತೆ, ಡಬ್ಬಿ ನೆರಳಿಗೆ. ಇದು ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಬಿಸಿಗೆ ಉಬ್ಬುತ್ತೆ, ನಮ್ಮ ಬಿಸಿಲು ನಿನಗೆ ಗೊತ್ತಲ್ಲ.

ಹಿಂದಿನ ಫ್ಯಾನಿಗೆ ಜಾಲರಿ ಇಲ್ಲ. ದೀಪಾವಳಿಗೆ ಬಂದಾಗ ನೀನೇ ಕೂರಿಸು. ಅಲ್ಲಿವರೆಗೆ ರಿಮೋಟ್ ನನ್ನ ಬೀರುವಿನಲ್ಲಿರುತ್ತೆ. ತಮ್ಮ ಫೋನ್ ಮಾಡಿ ಅತ್ತರೂ ನನ್ನ ಹತ್ತಿರ ಶಿಫಾರಸು ಮಾಡಬೇಡ.

ಇಂತಿ,
ನಿನ್ನ ಅಮ್ಮ