ಪಕ್ಕದ ಸೀಟಿನ ಅಮ್ಮನಿಗೆ, ತಡವಾಗಿ

2020ರ ಸೆಪ್ಟೆಂಬರ್ 25. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂದಾಗ ನಾನು ಬಸ್ಸಿನಲ್ಲಿದ್ದೆ. ಮಾಸ್ಕ್ ಒಳಗೇ ಅತ್ತೆ, ಅದೂ ಬಿಕ್ಕಿ ಬಿಕ್ಕಿ. ಒದ್ದೆ ಮಾಸ್ಕಿನಲ್ಲಿ ಉಸಿರಾಡುವುದು ಎಷ್ಟು ಕಷ್ಟ ಅಂತ ಅವತ್ತೇ ಗೊತ್ತಾಗಿದ್ದು.

"ಮನೆಯವರಾ?" ಅಂತ ನೀವು ಮೆಲ್ಲಗೆ ಕೇಳಿದಿರಿ. ಅಲ್ಲ ಅಂದೆ. ನಾಚಿಕೆಯಿಂದಲೇ ಹೆಸರು ಹೇಳಿದೆ. ನೀವು ನಗಲಿಲ್ಲ. "ಅಯ್ಯೋ, ಹೋಗಿಬಿಟ್ಟರಾ" ಅಂದು ಸ್ವಲ್ಪ ಹೊತ್ತು ಸುಮ್ಮನಾದಿರಿ. ಆಮೇಲೆ ಬ್ಯಾಗಿನಿಂದ ಹೊಸ ಮಾಸ್ಕ್ ತೆಗೆದು ಕೊಟ್ಟಿರಿ. "ದಿನಾ ಕೇಳಿದ ದನಿ ಅಲ್ವಾ" ಅಂದಿರಿ. ಅಷ್ಟೇ.

ಮನೆಯಲ್ಲಿ ಮಾತ್ರ "ಒಂದು ಸಲ ನೋಡಿದವನೂ ಅಲ್ಲ, ಯಾಕಿಷ್ಟು?" ಅಂದರು. ಉತ್ತರ ಹೊಳೆಯಲಿಲ್ಲ. ದೂರದಿಂದಲೇ ಬೆಳೆಯುವ ಇಂಥ ಒಂದು ಕಡೆಯ ನಂಟಿಗೆ ಸಂಶೋಧಕರು 1956ರಲ್ಲೇ ಪ್ಯಾರಾಸೋಷಿಯಲ್ ಅಂತ ಹೆಸರಿಟ್ಟಿದ್ದರಂತೆ. ಸುತ್ತಲಿನವರು ಒಪ್ಪದ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿ ಪುಸ್ತಕವನ್ನೇ ತಂದರು. ಇದೆಲ್ಲ ಓದಿದ್ದು ಆಮೇಲೆ. ಅವತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಸುಮ್ಮನೆ ಕೂತಿದ್ದ ಆ ಎರಡು ನಿಮಿಷ.

ಹೆಸರು ಕೇಳಲಿಲ್ಲ. ಮುಖ ಕಂಡಿದ್ದೂ ಅರ್ಧವೇ. ಇಳಿಯುವ ಗಡಿಬಿಡಿಯಲ್ಲಿ ಒಂದು ಮಾತೂ ಆಡಲಿಲ್ಲ. ಈಗ ಹೇಳುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಮ್ಮಾ.