ಫ್ಲಾಸ್ಕ್ ಅಜ್ಜನಿಗೆ ಒಂದು ಥ್ಯಾಂಕ್ಸ್

ಉತ್ತರ ಐರ್ಲೆಂಡಿನ ಕ್ರಾಸ್‌ಮಗ್ಲೆನ್ ಊರಿನ ಮೈದಾನದಲ್ಲಿ ನನ್ನ ಪಕ್ಕ ನಿಂತಿದ್ದ ಅಜ್ಜನ ಹೆಸರು ಕೇಳೋದೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಸುಮ್ನೆ. ಐರ್ಲೆಂಡಿನವರದೇ ಆಟವಾದ ಗೇಲಿಕ್ ಫುಟ್‌ಬಾಲ್‌ನ ತಲೆಬುಡ ಗೊತ್ತಿರಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಒದೆಯುತ್ತಾರೆ, ಇದ್ಯಾವ ಆಟ ಅಂತ ಬಾಯಿ ಬಿಟ್ಟು ನೋಡುತ್ತಿದ್ದೆ. ಅಜ್ಜನೇ ಹತ್ತಿರ ಬಂದು, ಬಲೆಗೆ ಬಿದ್ದರೆ ಗೋಲು, 3 ಪಾಯಿಂಟ್, ಗೋಲುಕಂಬದ ಅಡ್ಡಪಟ್ಟಿಯ ಮೇಲೆ ಹೋದರೆ ಸಾಮಾನ್ಯವಾಗಿ 1 ಅಂತ ಬೆರಳು ಮಡಚಿ ಹೇಳಿಕೊಟ್ಟರು. ಫ್ಲಾಸ್ಕ್ ಮುಚ್ಚಳದಲ್ಲಿ ಚಹಾನೂ ಬಂತು. ಸಕ್ಕರೆ ಇರಲಿಲ್ಲ, ಇರಲಿ ಬಿಡಿ.

ಆಮೇಲೆ ಕ್ಲಬ್ಬಿನ ಕತೆ. ಊರಿನ ಕ್ಲಬ್ಬು ಕ್ರಾಸ್‌ಮಗ್ಲೆನ್ ರೇಂಜರ್ಸ್ ಹುಟ್ಟಿದ್ದು 1887ರಲ್ಲಿ. ಉತ್ತರ ಐರ್ಲೆಂಡಿನ ಗಲಭೆಯ ವರ್ಷಗಳಲ್ಲಿ ಬ್ರಿಟಿಷ್ ಸೇನೆ ಮೈದಾನಕ್ಕೆ ಅಂಟಿಕೊಂಡೇ ಠಾಣೆ ಹಾಕಿ, ಕ್ಲಬ್ಬಿನ ಜಾಗವನ್ನೂ ಒಂದಿಷ್ಟು ನುಂಗಿತ್ತು. ಹೆಲಿಕಾಪ್ಟರ್ ಸದ್ದಿನಲ್ಲೇ ಆಟ! ಅಜ್ಜ ಛತ್ರಿಯ ತುದಿಯಿಂದ ಆ ಮೂಲೆ ತೋರಿಸಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಅಂಥ ಊರಿನ ಕ್ಲಬ್ಬು 1996ರಿಂದ 2008ರವರೆಗೆ ಸತತ 13 ವರ್ಷ ತನ್ನ ಜಿಲ್ಲೆಯ, ಅಂದರೆ ಅರ್ಮಾ ಕೌಂಟಿಯ, ಪ್ರಶಸ್ತಿ ಗೆದ್ದಿತು. ಇಡೀ ಐರ್ಲೆಂಡಿನ ಕ್ಲಬ್ ಪ್ರಶಸ್ತಿಯನ್ನು ಆರು ಸಲ, 1997, 1999, 2000, 2007, 2011, 2012ರಲ್ಲಿ. ಆಟಗಾರರಿಗೆ ಸಂಬಳ ಇಲ್ಲ, ಮಾರನೇ ದಿನ ಎಲ್ಲರೂ ಕೆಲಸಕ್ಕೆ ಹೋಗಬೇಕು ಅಂದಾಗ ನಾನು ನಂಬಲೇ ಇಲ್ಲ.

ಕೊನೆಯ ಸೀಟಿ ಆದ ಮೇಲೆ ಜನರ ನೂಕಾಟದಲ್ಲಿ ನೀವು ಕಾಣಿಸಲಿಲ್ಲ. ತುಂಬಾ ಥ್ಯಾಂಕ್ಸ್ ಅಜ್ಜ. ನಿಮ್ಮ ಫ್ಲಾಸ್ಕ್ ಮುಚ್ಚಳ ನನ್ನ ಹತ್ತಿರವೇ ಉಳಿದಿದೆ, ಮುಂದಿನ ಸಲ ಅದೇ ಜಾಗದಲ್ಲಿ ಹಿಡಿದುಕೊಂಡು ನಿಂತಿರುತ್ತೇನೆ.